ಎಸ್-21 ಜೈಲಿನ ಮುಖ್ಯಸ್ಥ ಡೊಯ್ಕ್ ಲೆಕ್ಕ ಒಪ್ಪಿಸಬೇಕಾಗಿ ಬಂದ ಕತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಂಬೋಡಿಯಾ ಪ್ರವಾಸ ಮುಗಿಸಿ ಬಂದವರು ಅಂಗ್‌ಕೋರ್ ವಾಟ್ ದೇವಸ್ಥಾನದ ಫೋಟೋಗಳನ್ನು ಖುಷಿಯಿಂದ ತೋರಿಸುತ್ತಾರೆ. ಅದೇ ಫೋನಿನಲ್ಲಿ ಮುಂದೆ ಸರಿದರೆ ಕೆಲವೊಮ್ಮೆ ಒಂದು ಹಳೇ ಹೈಸ್ಕೂಲಿನ ಚಿತ್ರ ಬರುತ್ತದೆ. ಮೂರು ಮಹಡಿ, ಉದ್ದ ವರಾಂಡ, ಅಂಗಳದಲ್ಲಿ ತೆಂಗಿನ ಮರ. ನಮ್ಮೂರ ಸರ್ಕಾರಿ ಶಾಲೆಯ ಹಾಗೇ ಇದೆ. ಅಲ್ಲಿಗೆ ಬಂದಾಗ ಮಾತು ನಿಂತುಬಿಡುತ್ತದೆ. ಆ ಶಾಲೆ ಸುಮಾರು ಮೂರು ವರ್ಷ ಜೈಲಾಗಿತ್ತು. ಒಳಗೆ ಹೋದವರಲ್ಲಿ ಜೀವಂತ ಹೊರಬಂದವರು ಬೆರಳೆಣಿಕೆಯಷ್ಟು ಜನ. ಆ ಜೈಲು ನಡೆಸಿದವನನ್ನು ಮೂವತ್ತು ವರ್ಷ ಕಳೆದ ಮೇಲೆ ಕೋರ್ಟಿನಲ್ಲಿ ಕೂರಿಸಿದರು. ಈ ವಿಷಯ ಎತ್ತಿದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆ ನನಗೆ ತಿಳಿದಷ್ಟು ಉತ್ತರ ಇಲ್ಲಿದೆ.

ಯಾರು ಈ ಡೊಯ್ಕ್? ಹೆಸರನ್ನು ಹೇಗೆ ಹೇಳಬೇಕು?

ನಿಜವಾದ ಹೆಸರು ಕಾಂಗ್ ಗೆಕ್ ಈವ್. ಡೊಯ್ಕ್ ಎನ್ನುವುದು ಕ್ರಾಂತಿಕಾರಿಯಾದಾಗ ಇಟ್ಟುಕೊಂಡ ಹೆಸರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಬರೆಯುವ ರೀತಿ ನೋಡಿ ಅನೇಕರು 'ಡಚ್' ಎಂದು ಓದುತ್ತಾರೆ, ಅದು ತಪ್ಪು. ಖಮೇರ್ ಭಾಷೆಯ ಉಚ್ಚಾರ ಡೊಯ್ಕ್‌ಗೆ ಹತ್ತಿರ.

ಹುಟ್ಟಿದ್ದು 1942ರಲ್ಲಿ, ಕಂಪೊಂಗ್ ಥೋಮ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಬಡ ಮನೆ, ಓದಿನಲ್ಲಿ ಬಹಳ ಜಾಣ. ಗಣಿತ ಮೇಷ್ಟ್ರಾದ. ಅವನ ಹಳೇ ಶಿಷ್ಯರು, ಆತ ಶಿಸ್ತಿನ ಮೇಷ್ಟ್ರು, ಬೋರ್ಡಿನ ಮೇಲೆ ಒಂದಕ್ಷರ ತಪ್ಪದಂತೆ ಬರೆಯುತ್ತಿದ್ದ ಎಂದೇ ನೆನೆಯುತ್ತಾರೆ. ರಾಜಕೀಯದ ಕಾರಣಕ್ಕೆ 1968ರಲ್ಲಿ ಅವನೇ ಜೈಲು ಸೇರಿದ್ದ. 1970ರಲ್ಲಿ ಬಿಡುಗಡೆಯಾಗಿ ಕಾಡಿಗೆ ಹೋಗಿ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡುಕೋರರ ಪಡೆಯ ಜೊತೆ ನಿಂತ. ಕಂಬಿಯ ಹಿಂದೆ ಕೂತ ಅನುಭವ ಇದ್ದವನು ಮುಂದೆ ಹಾಗೆ ಯಾಕಾದ? ಈ ಪ್ರಶ್ನೆಗೆ ಯಾರೂ ಒಪ್ಪುವಂಥ ಉತ್ತರ ಕೊಟ್ಟಿದ್ದನ್ನು ನಾನು ಓದಿಲ್ಲ.

1971ರಿಂದ 1975ರವರೆಗೆ ಕಾಡಿನಲ್ಲಿ ಎಂ-13 ಎಂಬ ಜೈಲು ನಡೆಸಿದ. ಅಲ್ಲಿ ಗುಂಡಿಗಳಲ್ಲಿ ಕೈದಿಗಳನ್ನು ಇಡುತ್ತಿದ್ದರು. ಫ್ರಾನ್ಸ್‌ನ ಸಂಶೋಧಕ ಫ್ರಾನ್ಸ್ವಾ ಬಿಜೋ 1971ರಲ್ಲಿ ಅಲ್ಲಿ ಮೂರು ತಿಂಗಳು ಸಂಕೋಲೆಯಲ್ಲಿದ್ದರು. ಅವರು ಗೂಢಚಾರ ಅಲ್ಲ ಎಂದು ಮೇಲಿನವರಿಗೆ ವಾದಿಸಿ ಬಿಡಿಸಿದ್ದೂ ಇದೇ ಡೊಯ್ಕ್. ಮುಂದೆ 2009ರಲ್ಲಿ ಕೋರ್ಟಿಗೆ ಬಂದ ಮೊದಲ ಸಾಕ್ಷಿ ಬಿಜೋ.

ಎಸ್-21 ಅಂದರೇನು?

1975ರ ಏಪ್ರಿಲ್ 17ರಂದು ಖಮೇರ್ ರೂಜ್ ಪಡೆ ರಾಜಧಾನಿ ನೋಮ್ ಪೆನ್ ಹಿಡಿಯಿತು. ಇಡೀ ನಗರವನ್ನು ಖಾಲಿ ಮಾಡಿಸಿ ಜನರನ್ನು ಹೊಲಕ್ಕೆ ಅಟ್ಟಿತು. ದುಡ್ಡು, ಮಾರುಕಟ್ಟೆ, ಶಾಲೆ, ದೇವಸ್ಥಾನ ಎಲ್ಲ ಬಂದ್. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ಬರುವ ಹೊತ್ತಿಗೆ ಸುಮಾರು 17 ಲಕ್ಷ ಜನ ಹಸಿವು, ಕಾಯಿಲೆ, ವಿಪರೀತ ದುಡಿಮೆ ಮತ್ತು ಕೊಲೆಗಳಿಂದ ಸತ್ತಿದ್ದರು. ಇನ್ನೂ ಜಾಸ್ತಿ ಎನ್ನುವ ಅಂದಾಜುಗಳೂ ಇವೆ.

ಆ ಆಡಳಿತದಲ್ಲಿ ದೇಶದ ತುಂಬ ಜೈಲುಗಳಿದ್ದವು. ಎಸ್-21 ಅವುಗಳ ತುದಿಯಲ್ಲಿತ್ತು. ನೇರವಾಗಿ ಪಕ್ಷದ ಮೇಲಿನವರಿಗೆ ವರದಿ ಮಾಡುವ ಜೈಲು ಅದು. 1975ರಲ್ಲಿ ಶುರುವಾಯಿತು. ಡೊಯ್ಕ್ ಮೊದಲು ಉಪಮುಖ್ಯಸ್ಥ, 1976ರ ಮಾರ್ಚ್‌ನಿಂದ ಮುಖ್ಯಸ್ಥ. ನಾವು ಇವತ್ತು ತುವೊಲ್ ಸ್ಲೆಂಗ್ ಎಂದು ಕರೆಯುವ ಶಾಲೆ ಕಟ್ಟಡಕ್ಕೆ ಜೈಲು ಬಂದದ್ದೂ ಅದೇ ವರ್ಷ. ನಗರದ ಹೊರಗಿನ ಪ್ರೇ ಸಾರ್ ಎಂಬ ದುಡಿಮೆ ಶಿಬಿರ ಮತ್ತು ಸುಮಾರು 15 ಕಿಲೋಮೀಟರ್ ದೂರದ ಚುವೋಂಗ್ ಎಕ್ ಎಂಬ ಕೊಲೆಯ ಜಾಗ, ಇವೆರಡೂ ಅವನ ಕೈಕೆಳಗೇ ಇದ್ದವು.

ಒಳಗೆ ಏನು ನಡೆಯುತ್ತಿತ್ತು?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕೇಸು ನಿಂತಿದ್ದೇ ಈ ಕ್ರಮದ ಮೇಲೆ.

ಕಣ್ಣಿಗೆ ಬಟ್ಟೆ ಕಟ್ಟಿ ಕೈದಿಯನ್ನು ತರುತ್ತಾರೆ. ಬಟ್ಟೆ ಬಿಚ್ಚಿ ಕುರ್ಚಿಯ ಮೇಲೆ ಕೂರಿಸಿ ಫೋಟೋ ತೆಗೆಯುತ್ತಾರೆ. ಹೆಸರು, ಊರು, ಅಪ್ಪ ಅಮ್ಮ ಯಾರು, ಎಲ್ಲ ಬರೆದುಕೊಳ್ಳುತ್ತಾರೆ. ಆಮೇಲೆ ತರಗತಿ ಕೋಣೆಯಲ್ಲಿ ಸಾಲಾಗಿ ಮಲಗಿಸಿ, ಒಂದೇ ಉದ್ದ ಕಬ್ಬಿಣದ ಸರಳಿಗೆ ಎಲ್ಲರ ಕಾಲು ಸಿಕ್ಕಿಸುತ್ತಾರೆ. ಇಲ್ಲವೇ ಕೋಣೆಯೊಳಗೆ ಇಟ್ಟಿಗೆಯಿಂದ ಕಟ್ಟಿದ, ಒಬ್ಬ ಮಲಗುವಷ್ಟೇ ಜಾಗದ ಗೂಡಿಗೆ ಹಾಕುತ್ತಾರೆ. ಮಗ್ಗುಲು ತಿರುಗಲೂ ಕಾವಲುಗಾರನ ಅಪ್ಪಣೆ ಕೇಳಬೇಕು. ಊಟ ಅಂದರೆ ಕೆಲವು ಚಮಚ ತೆಳು ಗಂಜಿ. ತಾರಸಿಯಿಂದ ಹುಳು ಬಿದ್ದರೆ ಕಾವಲುಗಾರ ನೋಡುವ ಮೊದಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು ಎಂದು ಬದುಕುಳಿದ ಚಿತ್ರಕಾರ ವಾನ್ ನಾಥ್ ಕೋರ್ಟಿನಲ್ಲಿ ಹೇಳಿದರು.

ಆಮೇಲೆ ವಿಚಾರಣೆ. ಹೊಡೆತ, ಕರೆಂಟ್ ಶಾಕ್, ಉಗುರು ಕೀಳುವುದು, ಉಸಿರುಕಟ್ಟಿಸುವುದು. 'ನಾನು ಅಮೆರಿಕದ ಅಥವಾ ವಿಯೆಟ್ನಾಂನ ಏಜೆಂಟ್' ಎಂದು ಬರೆದುಕೊಡಬೇಕು. ಜೊತೆಗೆ ಯಾರ್ಯಾರಿದ್ದರು ಎಂದು ಹೆಸರು ಕೊಡಬೇಕು. ಆ ಹೆಸರಿನವರನ್ನು ಹಿಡಿದು ತರುತ್ತಾರೆ. ಅವರಿಂದ ಇನ್ನಷ್ಟು ಹೆಸರು. ಹೀಗೆ ಜೈಲು ತನ್ನ ಕೈದಿಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ಹೇಳಿಕೆ ಪೂರ್ತಿಯಾದ ಮೇಲೆ ಬಹುತೇಕ ಎಲ್ಲರಿಗೂ ಒಂದೇ ಕೊನೆ. ಅದಕ್ಕೆ ಅವರು ಬಳಸುತ್ತಿದ್ದ ಪದ 'ಕಮ್ಟೆಚ್'. ಪುಡಿ ಮಾಡು, ಹೆಸರಿಲ್ಲದಂತೆ ಮಾಡು ಎಂಬ ಅರ್ಥ. 'ಕೊಲ್ಲು' ಎಂಬ ಪದಕ್ಕಿಂತ ಅದು ಕ್ರೂರ. ಕೊಂದರೆ ಹೆಣವಾದರೂ ಮನೆಯವರಿಗೆ ಸಿಗುತ್ತದೆ, ಅಲ್ವಾ? ಇಲ್ಲಿ ಮನೆಯವರಿಗೆ ಸುದ್ದಿಯೂ ಸಿಗುತ್ತಿರಲಿಲ್ಲ.

ಕೈದಿಗಳ ಮೈಯಿಂದ ರಕ್ತ ಬಸಿದು ಆಸ್ಪತ್ರೆಗೆ ಕಳಿಸಿದ್ದೂ, ಹಾಗೆ ಕನಿಷ್ಠ 100 ಜನ ಸತ್ತಿದ್ದೂ ಕೋರ್ಟಿನಲ್ಲಿ ಸಾಬೀತಾಯಿತು.

ಎಷ್ಟು ಜನ ಸತ್ತರು?

ಕೋರ್ಟ್ ತೀರ್ಪಿನಲ್ಲಿ ಇರುವ ಸಂಖ್ಯೆ ಕನಿಷ್ಠ 12,272. ಇದು ಉಳಿದ ಪಟ್ಟಿಗಳಿಂದ ಒಂದೊಂದಾಗಿ ಎಣಿಸಿದ ಲೆಕ್ಕ. ಎಷ್ಟೋ ಮಕ್ಕಳ ಹೆಸರನ್ನು ಬರೆದೇ ಇರಲಿಲ್ಲ. ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಜಾಸ್ತಿ ಎಂದು ಎಲ್ಲರೂ ಒಪ್ಪುತ್ತಾರೆ.

ಸತ್ತವರಲ್ಲಿ ಬಹುಪಾಲು ಜನ ಖಮೇರ್ ರೂಜ್‌ನವರೇ. ಪಕ್ಷದ ಕಾರ್ಯಕರ್ತರು, ಸೈನಿಕರು, ಅವರ ಹೆಂಡತಿ ಮಕ್ಕಳು. ಎಸ್-21ರ ಸ್ವಂತ ನೌಕರರೂ ಅನೇಕರು. ಕೆಲವರು ಇದನ್ನು ಕೇಳಿ 'ಹಾಗಾದರೆ ಅವರವರೇ ಹೊಡೆದಾಡಿಕೊಂಡರಲ್ಲ' ಎಂದು ಹಗುರವಾಗಿ ತೆಗೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಅನ್ನಬೇಡಿ. ಹತ್ತು ವರ್ಷದ ಮಗು ಯಾವ ಪಕ್ಷ?

ಮೇಲಿನವರ ಆದೇಶ ಪಾಲಿಸಿದ ಒಬ್ಬ ಜೈಲಧಿಕಾರಿಯನ್ನು ಇಷ್ಟು ದೊಡ್ಡ ಅಪರಾಧಕ್ಕೆ ಹೊಣೆ ಮಾಡುವುದು ಸರೀನಾ?

ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಡೊಯ್ಕ್ ಪರ ವಕೀಲರೂ ಇದನ್ನೇ ಎತ್ತಿದರು. ನಾನು ಯಂತ್ರದೊಳಗಿನ ಒಂದು ಭಾಗ ಮಾತ್ರ, ಆಗಲ್ಲ ಅಂದಿದ್ದರೆ ನನ್ನನ್ನೂ ಕೊಲ್ಲುತ್ತಿದ್ದರು, ಇದು ಅವನ ವಾದ.

ಭಯ ಇತ್ತು, ಅದು ಸುಳ್ಳಲ್ಲ. ಅವನ ಮೇಲಿದ್ದವನು ಮೊದಲು ರಕ್ಷಣಾ ಮಂತ್ರಿ ಸೋನ್ ಸೆನ್, ಆಮೇಲೆ ಪಕ್ಷದ ಎರಡನೇ ನಾಯಕ ನುವೋನ್ ಚಿಯಾ. ಯಾರನ್ನು ಹಿಡಿಯಬೇಕು ಎಂಬ ತೀರ್ಮಾನ ಅವರ ಮಟ್ಟದ್ದು. ಆದರೆ ಅವನ ಕೈಬರಹ ಉಳಿದುಬಿಟ್ಟಿತ್ತು. ಕೈದಿಗಳ ಹೇಳಿಕೆಗಳನ್ನು ಅವನು ರಾಶಿ ರಾಶಿ ಓದುತ್ತಿದ್ದ. ಮೇಷ್ಟ್ರು ಉತ್ತರಪತ್ರಿಕೆ ತಿದ್ದುವ ಹಾಗೆ ಅಂಚಿನಲ್ಲಿ, ಎಷ್ಟೋ ಸಲ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ. ಈ ಭಾಗ ಸರಿಯಿಲ್ಲ, ಇವನು ಇನ್ನೂ ಮುಚ್ಚಿಡುತ್ತಿದ್ದಾನೆ, ಇನ್ನಷ್ಟು ಹೊಡೆಯಿರಿ, ಈ ಅರ್ಥದ ಸಾಲುಗಳು. ಹದಿನೇಳು ಹೆಸರಿನ ಒಂದು ಪಟ್ಟಿಯಲ್ಲಿ ಮಕ್ಕಳೂ ಇದ್ದರು. ಅದರ ಮೇಲೆ ಎಲ್ಲರನ್ನೂ ಮುಗಿಸಿ ಎಂಬ ಅರ್ಥದ ಟಿಪ್ಪಣಿ ಅವನದೇ ಅಕ್ಷರದಲ್ಲಿದೆ. ವಿಚಾರಣೆ ಮಾಡುವವರಿಗೆ ಪಾಠ ಹೇಳಿಕೊಟ್ಟಿದ್ದ. ಕಾವಲಿಗೆ ಹಳ್ಳಿಯ ಹದಿಹರೆಯದ ಬಡ ಹುಡುಗರನ್ನೇ ಆರಿಸಿದ್ದ. ಅವರು ಖಾಲಿ ಕಾಗದದ ಹಾಗೆ, ಬರೆಯುವುದು ಸುಲಭ ಎಂಬ ಕಾರಣಕ್ಕೆ.

ಸುಮ್ನೆ ಆದೇಶ ಪಾಲಿಸುವವನು ಅಂಚಿನಲ್ಲಿ ಟಿಪ್ಪಣಿ ಬರೆಯುವುದಿಲ್ಲ. ಕೋರ್ಟ್ ಕೂಡ ಕೊನೆಗೆ ಇದೇ ದಿಕ್ಕಿನಲ್ಲಿ ಹೋಯಿತು. ಆತ ಕೆಲಸವನ್ನು ಉತ್ಸಾಹದಿಂದ ಮಾಡಿದ, ಚೆನ್ನಾಗಿ ನಡೆಯಲಿ ಎಂದು ತಲೆ ಓಡಿಸಿದ, ಬಲವಂತಕ್ಕೆ ಮಾಡಿದ ಎನ್ನಲು ಆಧಾರವಿಲ್ಲ ಎಂದಿತು. ಈ ಕೋರ್ಟಿನ ಕಾನೂನಿನಲ್ಲೂ ಮೇಲಿನವರ ಆದೇಶ ಇತ್ತು ಎನ್ನುವುದು ತಪ್ಪಿಸಿಕೊಳ್ಳುವ ದಾರಿಯಲ್ಲ ಎಂದು ಬರೆದೇ ಇತ್ತು. ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯ ಕಾಲದಿಂದ ಬಂದ ನಿಯಮ ಅದು.

'ಮಾನವತೆಯ ವಿರುದ್ಧದ ಅಪರಾಧ' ಮತ್ತು ಸಾಮಾನ್ಯ ಕೊಲೆಗೆ ಏನು ವ್ಯತ್ಯಾಸ?

ಒಬ್ಬ ಪೊಲೀಸ್ ಠಾಣೆಯಲ್ಲಿ ಕೈದಿಯನ್ನು ಹೊಡೆದು ಕೊಂದರೆ ಅದು ಕೊಲೆ, ಘೋರ ಅಪರಾಧ. ಆದರೆ ನಾಗರಿಕರ ಮೇಲೆ ದೊಡ್ಡ ಪ್ರಮಾಣದಲ್ಲಿ ಅಥವಾ ಯೋಜನೆ ಹಾಕಿ ದಾಳಿ ನಡೆಯುತ್ತಿದೆ, ಕೊಲೆ ಅದರ ಒಂದು ಭಾಗ, ಮಾಡುವವನಿಗೂ ಅದು ಗೊತ್ತು. ಆಗ ಅದು ಮಾನವತೆಯ ವಿರುದ್ಧದ ಅಪರಾಧ. ಕೊಲೆಯೊಂದೇ ಅಲ್ಲ. ಚಿತ್ರಹಿಂಸೆ, ಗುಲಾಮರಂತೆ ದುಡಿಸುವುದು, ಕಾನೂನಿಲ್ಲದೆ ಕೂಡಿಹಾಕುವುದು, ರಾಜಕೀಯ ಅಥವಾ ಜನಾಂಗದ ಕಾರಣಕ್ಕೆ ಕಿರುಕುಳ ಎಲ್ಲ ಇದರಲ್ಲಿ ಬರುತ್ತವೆ.

ಜೈಲಿನ ಮುಖ್ಯಸ್ಥನ ಮಟ್ಟಿಗೆ ಇದರ ಅರ್ಥ ಇಷ್ಟು. ಅವನು ತನ್ನ ಕೈಯಿಂದ ಎಷ್ಟು ಜನರನ್ನು ಕೊಂದ ಎಂಬುದು ಮುಖ್ಯ ಪ್ರಶ್ನೆ ಆಗುವುದಿಲ್ಲ. ಯೋಜನೆ ಮಾಡಿದನಾ? ಆದೇಶ ಕೊಟ್ಟನಾ? ಕೈಕೆಳಗಿನವರು ಮಾಡುತ್ತಿದ್ದುದು ಗೊತ್ತಿದ್ದೂ ತಡೆಯಲಿಲ್ಲವಾ? ಪ್ರಶ್ನೆಗಳು ಇವು.

ವಿಯೆಟ್ನಾಂ ಯುದ್ಧಕೈದಿಗಳನ್ನೂ ಅಲ್ಲಿ ಹಿಂಸಿಸಿ ಕೊಂದಿದ್ದರು. ಅದಕ್ಕೆ ಯುದ್ಧಕೈದಿಗಳನ್ನು ಕಾಪಾಡುವ 1949ರ ಜಿನೀವಾ ಒಪ್ಪಂದಗಳ ಗಂಭೀರ ಉಲ್ಲಂಘನೆ ಎಂಬ ಬೇರೆ ಆರೋಪವೂ ಸೇರಿತು.

ಇಷ್ಟು ಸಾಕ್ಷ್ಯ ಉಳಿದಿದ್ದು ಹೇಗೆ? ಸುಟ್ಟು ಹಾಕಲಿಲ್ಲವಾ?

ಸಮಯ ಸಿಗಲಿಲ್ಲ. ವಿಯೆಟ್ನಾಂ ಸೇನೆ ನಗರದೊಳಗೆ ಬಂದಾಗ ಡೊಯ್ಕ್ ಅವಸರದಲ್ಲಿ ಓಡಿದ. ಕಾಗದಗಳೆಲ್ಲ ಅಲ್ಲೇ ಬಿದ್ದಿದ್ದವು. ಹದಿನಾಲ್ಕು ಹೆಣಗಳೂ ಹಾಗೇ ಇದ್ದವು, ಕೆಲವು ಕಬ್ಬಿಣದ ಮಂಚಕ್ಕೆ ಕಟ್ಟಿದ ಹಾಗೇ. 4,000ಕ್ಕೂ ಹೆಚ್ಚು ತಪ್ಪೊಪ್ಪಿಗೆ ಹೇಳಿಕೆಗಳು, ಸಾವಿರಾರು ಫೋಟೋಗಳು ಉಳಿದವು. ಕಾಗದ ಸುಡದೇ ಬಂದಿದ್ದಕ್ಕೆ ನುವೋನ್ ಚಿಯಾ ತನ್ನನ್ನು ಬೈದ ಎಂದು ಡೊಯ್ಕ್ ಆಮೇಲೆ ಹೇಳಿದ್ದಾನೆ. 2009ರಲ್ಲಿ ಈ ದಾಖಲೆಗಳು ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದವು.

ಅವನು ಇಪ್ಪತ್ತು ವರ್ಷ ಎಲ್ಲಿದ್ದ?

ಥಾಯ್ಲೆಂಡ್ ಗಡಿಯ ಕಡೆ. ಬೇರೆ ಹೆಸರಿನಲ್ಲಿ. ನಡುವೆ ಚೀನಾದಲ್ಲಿ ಖಮೇರ್ ಭಾಷೆ ಕಲಿಸಿದ. ಮತ್ತೆ ಮೇಷ್ಟ್ರ ಕೆಲಸ. 1995ರಲ್ಲಿ ಅವನ ಹೆಂಡತಿ ಕೊಲೆಯಾದಳು. ಮರುವರ್ಷ ಕ್ರೈಸ್ತನಾದ. ನಿರಾಶ್ರಿತರ ನಡುವೆ ಪರಿಹಾರ ಸಂಸ್ಥೆಗಳ ಜೊತೆ ಕೆಲಸ ಮಾಡಿದ. ಜೊತೆಗಿದ್ದವರಿಗೆ ಅವನು ಯಾರೆಂದು ಗೊತ್ತಿರಲಿಲ್ಲ.

ನಿಕ್ ಡನ್‌ಲಪ್ ಎಂಬ ಫೋಟೋಗ್ರಾಫರ್ ಡೊಯ್ಕ್‌ನ ಹಳೇ ಫೋಟೋ ಒಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. 1999ರಲ್ಲಿ ಸಾಮ್ಲೋಟ್ ಎಂಬ ಗಡಿ ಊರಿನಲ್ಲಿ ಒಬ್ಬ ಸಣಕಲು ಮನುಷ್ಯ ತಾನಾಗಿಯೇ ಮಾತಾಡಿಸಲು ಬಂದ. ಮುಖ ಅದೇ. ಆಮೇಲೆ ಪತ್ರಕರ್ತ ನೇಟ್ ಥೇಯರ್ ಜೊತೆ ಹೋಗಿ ಕೇಳಿದಾಗ ಎಲ್ಲ ಒಪ್ಪಿಕೊಂಡ. ಅದೇ ವರ್ಷದ ಮೇ ತಿಂಗಳಲ್ಲಿ ಬಂಧನವಾಯಿತು.

ಕೋರ್ಟ್ ಯಾವುದು? ಅಂತಾರಾಷ್ಟ್ರೀಯ ಕೋರ್ಟಾ?

ಅರ್ಧ ಅರ್ಧ. 2003ರಲ್ಲಿ ಕಾಂಬೋಡಿಯಾ ಮತ್ತು ವಿಶ್ವಸಂಸ್ಥೆ ಒಪ್ಪಂದ ಮಾಡಿಕೊಂಡವು. 2006ರಲ್ಲಿ ಕೆಲಸ ಶುರುವಾಯಿತು. ಕೋರ್ಟ್ ನೋಮ್ ಪೆನ್ ಹೊರವಲಯದಲ್ಲೇ ಇತ್ತು. ಇದು ಬಹಳ ಮುಖ್ಯ. ದೂರದ ಹೇಗ್ ನಗರದಲ್ಲಿ ನಡೆದಿದ್ದರೆ ಹಳ್ಳಿಯ ಅಜ್ಜಿ ಬಂದು ನೋಡಲು ಆಗುತ್ತಿತ್ತಾ? ಇಲ್ಲಿ ಬಸ್ಸುಗಳಲ್ಲಿ ಬಂದರು. ಗಾಜಿನ ಗೋಡೆಯ ಆಚೆ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಮ್ಮ ಭಾಷೆಯಲ್ಲಿ ಕೇಳಿದರು. ಈ ಒಂದು ಕೇಸಿಗೇ 28,000ಕ್ಕಿಂತ ಹೆಚ್ಚು ಜನ ಬಂದಿದ್ದರು.

ಕೆಳಗಿನ ಪೀಠದಲ್ಲಿ ಮೂವರು ಕಾಂಬೋಡಿಯಾದ, ಇಬ್ಬರು ಹೊರಗಿನ ನ್ಯಾಯಾಧೀಶರು. ತಪ್ಪಿತಸ್ಥ ಎನ್ನಲು ನಾಲ್ವರು ಒಪ್ಪಬೇಕು. ಅಂದರೆ ಒಂದು ಕಡೆಯವರೇ ಸೇರಿ ತೀರ್ಮಾನ ಮಾಡಲು ಬರುವುದಿಲ್ಲ. ಮರಣದಂಡನೆ ಇಲ್ಲ, ಜೀವಾವಧಿಯೇ ಗರಿಷ್ಠ.

ವಿಚಾರಣೆಯಲ್ಲಿ ಅವನು ಏನು ಹೇಳಿದ? ನಿಜವಾಗಲೂ ಕ್ಷಮೆ ಕೇಳಿದನಾ?

ಕೇಳಿದ. 2009ರ ಮಾರ್ಚ್ ಕೊನೆಗೆ ಸಾಕ್ಷ್ಯ ವಿಚಾರಣೆ ಶುರುವಾದಾಗ ಎದ್ದು ನಿಂತು, ಎಸ್-21ರಲ್ಲಿ ನಡೆದದ್ದಕ್ಕೆ ನಾನು ಹೊಣೆ ಎಂದ. ಸತ್ತವರ ಮನೆಯವರ ಕ್ಷಮೆ ಬೇಡಿದ. ಅದಕ್ಕೂ ಒಂದು ವರ್ಷ ಮೊದಲು ತನಿಖೆಯವರು ಅವನನ್ನು ಚುವೋಂಗ್ ಎಕ್‌ಗೂ ಹಳೇ ಜೈಲಿಗೂ ಕರೆದುಕೊಂಡು ಹೋದಾಗ ಅತ್ತಿದ್ದ.

ಆಮೇಲೆ 2009ರ ನವೆಂಬರ್ 27 ಬಂತು, ವಾದದ ಕೊನೆಯ ದಿನ. ಅವನ ಫ್ರೆಂಚ್ ವಕೀಲ ಫ್ರಾನ್ಸ್ವಾ ರೂ, ಈತ ತಪ್ಪು ಒಪ್ಪಿದ್ದಾನೆ, ಶಿಕ್ಷೆ ಕಡಿಮೆ ಮಾಡಿ ಎಂದು ತಿಂಗಳುಗಟ್ಟಲೆ ವಾದಿಸಿದ್ದರು. ಕಾಂಬೋಡಿಯಾದ ವಕೀಲ ಕಾರ್ ಸಾವುತ್ ಎದ್ದು, ಬಿಡುಗಡೆ ಮಾಡಿ ಎಂದರು. ನ್ಯಾಯಾಧೀಶರು ಡೊಯ್ಕ್‌ನನ್ನೇ ಕೇಳಿದರು. ಅವನೂ ನನ್ನನ್ನು ಬಿಟ್ಟುಬಿಡಿ ಎಂದ.

ಎಂಟು ತಿಂಗಳು ಕೇಳಿದ ಕ್ಷಮೆ ಒಂದೇ ವಾಕ್ಯದಲ್ಲಿ ಕರಗಿತು ಎಂದು ಆ ಗಾಜಿನ ಆಚೆ ಕೂತವರಿಗೆ ಅನಿಸಿತು. ಆ ಪಶ್ಚಾತ್ತಾಪ ಪೂರ್ತಿ ನಾಟಕ ಎಂದು ನನಗೆ ಅನಿಸುವುದಿಲ್ಲ. ಅತ್ತಿದ್ದು ನಿಜವೇ ಇರಬಹುದು. ಆದರೆ ಹೊಣೆ ಹೊರುವುದು ಅಂದರೆ ಅದರ ಬೆಲೆಯನ್ನೂ ಹೊರುವುದು. ಆ ಜಾಗಕ್ಕೆ ಬಂದಾಗ ಅವನು ಹಿಂದೆ ಸರಿದ.

ಕೊನೆಗೆ ಶಿಕ್ಷೆ ಏನಾಯಿತು?

2010ರ ಜುಲೈ 26ರಂದು 35 ವರ್ಷ. ಅದರಲ್ಲಿ 5 ವರ್ಷ ಕಡಿತ. ಆಗಲೇ ಒಳಗಿದ್ದ 11 ವರ್ಷವನ್ನೂ ಕಳೆದರೆ ಉಳಿದದ್ದು ಸುಮಾರು 19. ಅಂದರೆ ಒಂದು ದಿನ ಹೊರಗೆ ನಡೆದು ಬರುವ ಸಾಧ್ಯತೆ ಇತ್ತು. ಬದುಕುಳಿದ ಚುಮ್ ಮೇ ಕೋರ್ಟಿನ ಹೊರಗೆ ಅಳುತ್ತಾ, ನಾವು ಎರಡು ಸಲ ಬಲಿಪಶುಗಳಾದೆವು ಎಂದರು.

ಎರಡೂ ಕಡೆಯವರು ಮೇಲ್ಮನವಿ ಹಾಕಿದರು. 2012ರ ಫೆಬ್ರವರಿ 3ರಂದು ಮೇಲಿನ ಪೀಠ ಜೀವಾವಧಿ ವಿಧಿಸಿತು. ಕಿರುಕುಳದ ಜೊತೆಗೆ ಸಾಮೂಹಿಕ ಹತ್ಯೆ, ಗುಲಾಮಗಿರಿ, ಅಕ್ರಮ ಸೆರೆ, ಚಿತ್ರಹಿಂಸೆ, ಒಂದೊಂದಕ್ಕೂ ಬೇರೆ ಬೇರೆಯಾಗಿ ತಪ್ಪಿತಸ್ಥ ಎಂದಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಸಾವಿನ ಕಾರ್ಖಾನೆ ನಡೆಸಿದವನು ಎಂದು ಪೀಠದ ಅಧ್ಯಕ್ಷ ಕೊಂಗ್ ಸ್ರಿಮ್ ಓದಿದರು.

ಆ 5 ವರ್ಷ ಕಡಿತ ಯಾಕೆ ಕೊಟ್ಟಿದ್ದರು?

ಇದು ಸಣ್ಣ ವಿಷಯ ಎಂದು ಬಿಡುವ ಹಾಗಿಲ್ಲ. 1999ರಲ್ಲಿ ಹಿಡಿದವರು ಅವನನ್ನು ವಿಚಾರಣೆಯೇ ಇಲ್ಲದೆ ಮಿಲಿಟರಿ ಜೈಲಿನಲ್ಲಿ ಎಂಟು ವರ್ಷ ಇಟ್ಟಿದ್ದರು. 2007ರ ಜುಲೈವರೆಗೆ. ದೇಶದ ಕಾನೂನು ಅಷ್ಟು ದಿನ ಇಡಲು ಬಿಡುತ್ತಿರಲಿಲ್ಲ. ಆ ತಪ್ಪಿಗೆ ಪರಿಹಾರ ಅಂತ ಕೆಳಗಿನ ಪೀಠ 5 ವರ್ಷ ಕಳೆಯಿತು. ಅದು ಈ ಕೋರ್ಟಿನ ತಪ್ಪಲ್ಲ ಎಂದು ಮೇಲಿನ ಪೀಠ ರದ್ದು ಮಾಡಿತು. ಅಲ್ಲಿನ ಇಬ್ಬರು ನ್ಯಾಯಾಧೀಶರು, ಒಬ್ಬರು ಪೋಲೆಂಡಿನವರು, ಇನ್ನೊಬ್ಬರು ಶ್ರೀಲಂಕಾದವರು, ಒಪ್ಪಲಿಲ್ಲ. ಜೀವಾವಧಿಗೆ ಅರ್ಹ ಅಪರಾಧವೇ, ಆದರೆ ಅಕ್ರಮ ಸೆರೆಗೆ ಪರಿಹಾರವಾಗಿ 30 ವರ್ಷಕ್ಕೆ ಇಳಿಸಬೇಕು ಎಂದು ಬೇರೆಯಾಗಿ ಬರೆದರು.

ಬದುಕುಳಿದವರ ನೋವನ್ನು ಮರೆಯದೆ ಹೇಳುತ್ತೇನೆ, ನನಗೆ ಆ ಇಬ್ಬರ ಮಾತು ಸರಿ ಅನಿಸುತ್ತದೆ. ಜನರನ್ನು ಕಾನೂನಿಲ್ಲದೆ ಕೂಡಿಹಾಕಿದ್ದು ಡೊಯ್ಕ್ ಮೇಲಿದ್ದ ಆರೋಪಗಳಲ್ಲಿ ಒಂದು. ಅದನ್ನು ತಪ್ಪು ಎನ್ನುವ ಕೋರ್ಟ್, ಅವನನ್ನೇ ಕಾನೂನಿಲ್ಲದೆ ಕೂಡಿಹಾಕಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ಕಾವಲುಗಾರರು, ಹೊಡೆದವರು? ಅವರಿಗೆ ಶಿಕ್ಷೆ ಆಗಲಿಲ್ಲವಾ?

ಇಲ್ಲ. ಹಿರಿಯ ನಾಯಕರು ಮತ್ತು ಅತಿ ಹೆಚ್ಚು ಹೊಣೆಗಾರರು, ಇವರನ್ನು ಮಾತ್ರ ವಿಚಾರಿಸಲು ಕೋರ್ಟಿಗೆ ಅಧಿಕಾರ ಇತ್ತು. ಕೈದಿಗಳನ್ನು ಲಾರಿಯಲ್ಲಿ ಕೊಲೆಯ ಜಾಗಕ್ಕೆ ಸಾಗಿಸಿದವರು ಕೂಡ ಸಾಕ್ಷಿ ಹೇಳಿ ಊರಿಗೆ ಹೋದರು. ಮೇಲಿನವರಲ್ಲಿ ಖಮೇರ್ ರೂಜ್‌ನ ಪರಮ ನಾಯಕ ಪೋಲ್ ಪಾಟ್ 1998ರಲ್ಲೇ ಸತ್ತಿದ್ದ. ಸೋನ್ ಸೆನ್‌ನನ್ನು 1997ರಲ್ಲಿ ಪೋಲ್ ಪಾಟ್ ಕಡೆಯವರೇ ಕೊಂದಿದ್ದರು. ನುವೋನ್ ಚಿಯಾ ಮತ್ತು ಆಗಿನ ರಾಷ್ಟ್ರಮುಖ್ಯಸ್ಥ ಖಿಯು ಸಂಫಾನ್‌ಗೆ ಬೇರೆ ಕೇಸಿನಲ್ಲಿ ಜೀವಾವಧಿ ಆಯಿತು. 2022ರಲ್ಲಿ ಕೊನೆಯ ಮೇಲ್ಮನವಿ ಮುಗಿಯುವ ಹೊತ್ತಿಗೆ, ಹದಿನಾರು ವರ್ಷದ ಕೆಲಸಕ್ಕೆ ಶಿಕ್ಷೆಯಾದವರು ಒಟ್ಟು ಮೂರು ಜನ.

ಬರೀ ಮೂವರಿಗಾ ಎಂದು ಜನ ಬೇಸರ ಮಾಡಿಕೊಳ್ಳುತ್ತಾರೆ. ಬೇಸರ ನ್ಯಾಯವೇ. ತುಂಬಾ ತಡವಾಯಿತು.

ಸತ್ತವರ ಮನೆಯವರಿಗೆ ಪರಿಹಾರ ಸಿಕ್ಕಿತಾ?

ದುಡ್ಡಿನ ರೂಪದಲ್ಲಿ ಏನೂ ಇಲ್ಲ. ಕೋರ್ಟಿನ ನಿಯಮದಲ್ಲಿ ಸಾಮೂಹಿಕ ಹಾಗೂ ನೈತಿಕ ಪರಿಹಾರಕ್ಕೆ ಮಾತ್ರ ಅವಕಾಶ ಇತ್ತು. ಡೊಯ್ಕ್ ಕೈಯಲ್ಲಿ ಬಿಡಿಗಾಸಿಲ್ಲ. ಸ್ಮಾರಕ, ವೈದ್ಯಕೀಯ ನೆರವು, ಇಂಥ ಬೇಡಿಕೆಗಳೆಲ್ಲ ಬಿದ್ದುಹೋದವು. ಕೊನೆಗೆ ಸಿಕ್ಕಿದ್ದು ಎರಡು. ತೀರ್ಪಿನಲ್ಲಿ ಸಂತ್ರಸ್ತರ ಹೆಸರು, ಮತ್ತು ಅವನು ಕೇಳಿದ ಕ್ಷಮೆಗಳ ಸಂಗ್ರಹ. ಕೆಲವರನ್ನು ಸಂಬಂಧ ಸಾಬೀತಾಗಿಲ್ಲ ಎಂದು ತೀರ್ಪಿನ ದಿನವೇ ಪಟ್ಟಿಯಿಂದ ಕೈಬಿಟ್ಟರು. ವರ್ಷಗಟ್ಟಲೆ ಕೋರ್ಟಿಗೆ ಬಂದವರಿಗೆ ಕೊನೆಯ ದಿನ ಹಾಗೆ ಹೇಳಿದ್ದು ಈ ಕೇಸಿನ ದೊಡ್ಡ ಕುಂದು. ಮೇಲ್ಮನವಿಯಲ್ಲಿ ಅವರಲ್ಲಿ ಹತ್ತು ಜನರ ಹೆಸರು ಮತ್ತೆ ಸೇರಿತು.

ವಿದೇಶದವರೂ ಅಲ್ಲಿ ಸತ್ತಿದ್ದರಂತೆ?

ಹೌದು. ನ್ಯೂಜಿಲೆಂಡಿನ ಕೆರ್ರಿ ಹ್ಯಾಮಿಲ್ ಎಂಬ ಯುವಕ 1978ರಲ್ಲಿ ಹಾಯಿದೋಣಿಯಲ್ಲಿ ಸುತ್ತುತ್ತಾ ಕಾಂಬೋಡಿಯಾದ ನೀರಿಗೆ ಬಂದ. ಹಿಡಿದು ಎಸ್-21ಕ್ಕೆ ತಂದರು. ಸುಮಾರು ಎರಡು ತಿಂಗಳು ಹಿಂಸೆ ಕೊಟ್ಟು ಹೇಳಿಕೆ ಬರೆಸಿದರು.

ಆ ಹೇಳಿಕೆಯನ್ನು ಅವನ ತಮ್ಮ ರಾಬ್ ಹ್ಯಾಮಿಲ್ 2009ರಲ್ಲಿ ಕೋರ್ಟಿನಲ್ಲಿ ಬಿಡಿಸಿ ತೋರಿಸಿದರು. ಅಮೆರಿಕದ ಗೂಢಚಾರ ಸಂಸ್ಥೆಯಲ್ಲಿ ತನ್ನ ಮೇಲಧಿಕಾರಿ ಕರ್ನಲ್ ಸ್ಯಾಂಡರ್ಸ್ ಎಂದು ಕೆರ್ರಿ ಬರೆದಿದ್ದ. ಅದು ಫ್ರೈಡ್ ಚಿಕನ್ ಅಂಗಡಿಯ ಬೋರ್ಡಿನ ಮೇಲಿರುವ ಅಜ್ಜನ ಹೆಸರು. ಗೂಢಚಾರ ನಂಬರ್ ಎಂದು ಬರೆದದ್ದು ಮನೆಯ ಫೋನ್ ನಂಬರ್. ಭಾಷಣ ಕಲಿಸಿದ ಗುರುವಿನ ಹೆಸರು ಎಸ್. ಟಾರ್. ಕೆರ್ರಿಯ ತಾಯಿಯ ಹೆಸರು ಎಸ್ತರ್. ಸಾಯುವುದು ಖಚಿತ ಎಂದು ಗೊತ್ತಿದ್ದವನು, ಹೊಡೆಯುವವರ ಕಾಗದದೊಳಗೇ ಅಮ್ಮನಿಗೆ ಒಂದು ಮಾತು ಬಚ್ಚಿಟ್ಟು ಹೋಗಿದ್ದ. ಅದು ಮನೆಯವರ ಕಣ್ಣಿಗೆ ಬಿದ್ದದ್ದು ಎಷ್ಟೋ ವರ್ಷಗಳ ನಂತರ.

ಭಾರತಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಖಮೇರ್ ರೂಜ್ ಬಿದ್ದ ಮೇಲೆ ಬಂದ ಸರ್ಕಾರವನ್ನು ಬಹುಪಾಲು ದೇಶಗಳು ಒಪ್ಪದೇ ಇದ್ದಾಗ ಭಾರತ 1980ರಲ್ಲಿ ಮಾನ್ಯ ಮಾಡಿತು. ಆಮೇಲೆ ನಮ್ಮ ಪುರಾತತ್ವ ಇಲಾಖೆಯವರು ಅಂಗ್‌ಕೋರ್ ವಾಟ್ ದುರಸ್ತಿಗೆ ಹೋಗಿದ್ದರು.

ಇನ್ನು ಕಾನೂನಿನ ಮಾತು. ಮಾನವತೆಯ ವಿರುದ್ಧದ ಅಪರಾಧ ಎಂಬ ಕಲಮೇ ನಮ್ಮಲ್ಲಿಲ್ಲ. 1984ರ ಸಿಖ್ ಹತ್ಯಾಕಾಂಡದ ಕೇಸಿನಲ್ಲಿ ಸಜ್ಜನ್ ಕುಮಾರ್‌ಗೆ ಶಿಕ್ಷೆ ಕೊಟ್ಟಾಗ, 2018ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಹೇಳಿತು. ಈ ಅಪರಾಧವಾಗಲಿ ನರಮೇಧವಾಗಲಿ ನಮ್ಮ ಕಾನೂನಿನಲ್ಲಿ ಇಲ್ಲ, ಈ ಕೊರತೆ ಬೇಗ ತುಂಬಬೇಕು ಎಂದಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಸೇರಲಿಲ್ಲ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದ್ದೇವೆ, ಇನ್ನೂ ಅನುಮೋದಿಸಿಲ್ಲ. ಇದು ನನಗೆ ನಾಚಿಕೆಯ ವಿಷಯ.

ಬೇರೆ ಜೈಲಧಿಕಾರಿಗಳಿಗೂ ಹೀಗೆ ಆಗಿದೆಯಾ?

ಆಗಿದೆ. ಸಿರಿಯಾದ ಅಲ್ ಖತೀಬ್ ಎಂಬ ಸೆರೆಕೇಂದ್ರದಲ್ಲಿ ವಿಚಾರಣೆ ವಿಭಾಗದ ಮುಖ್ಯಸ್ಥನಾಗಿದ್ದ ಅನ್ವರ್ ರಸ್ಲಾನ್ ಜರ್ಮನಿಗೆ ಹೋಗಿ ಆಶ್ರಯ ಪಡೆದಿದ್ದ. 2022ರ ಜನವರಿಯಲ್ಲಿ ಕೊಬ್ಲೆಂಜ್ ಕೋರ್ಟ್ ಮಾನವತೆಯ ವಿರುದ್ಧದ ಅಪರಾಧಕ್ಕೆ ಅವನಿಗೆ ಜೀವಾವಧಿ ಕೊಟ್ಟಿತು. ಅಪರಾಧ ಎಲ್ಲೇ ನಡೆದಿರಲಿ, ಇಂಥದ್ದನ್ನು ಯಾವ ದೇಶ ಬೇಕಾದರೂ ವಿಚಾರಿಸಬಹುದು ಎಂಬ ತತ್ವದ ಮೇಲೆ. ಆದರೆ ರಾಜಕೀಯ ಅಡ್ಡ ಬರುವುದೂ ಉಂಟು. ಇರಾನಿನಲ್ಲಿ 1988ರಲ್ಲಿ ನಡೆದ ಕೈದಿಗಳ ಹತ್ಯೆಯ ಕೇಸಿನಲ್ಲಿ ಜೈಲಧಿಕಾರಿ ಹಮೀದ್ ನೂರಿಗೆ ಸ್ವೀಡನ್ ಜೀವಾವಧಿ ವಿಧಿಸಿತ್ತು. 2024ರಲ್ಲಿ ಕೈದಿಗಳ ವಿನಿಮಯದಲ್ಲಿ ಅವನು ಮನೆಗೆ ಹೋದ.

ಡೊಯ್ಕ್ ಈಗ ಎಲ್ಲಿದ್ದಾನೆ? ಆ ಜಾಗಗಳನ್ನು ನೋಡಬಹುದಾ?

2020ರ ಸೆಪ್ಟೆಂಬರ್ 2ರಂದು, ಶಿಕ್ಷೆ ಅನುಭವಿಸುತ್ತಿರುವಾಗಲೇ, ನೋಮ್ ಪೆನ್‌ನ ಆಸ್ಪತ್ರೆಯಲ್ಲಿ ಸತ್ತ. ವಯಸ್ಸು 77.

ತುವೊಲ್ ಸ್ಲೆಂಗ್ ಈಗ ವಸ್ತುಸಂಗ್ರಹಾಲಯ. 2025ರ ಜುಲೈನಲ್ಲಿ ಅದು, ಚುವೋಂಗ್ ಎಕ್, ಎಂ-13, ಮೂರೂ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಹೋದರೆ ಅವಸರ ಮಾಡಬೇಡಿ. ವರಾಂಡಕ್ಕೆ ಮೇಲಿಂದ ಕೆಳಗೆ ಮುಳ್ಳುತಂತಿಯ ಬಲೆ ಕಟ್ಟಿರುವುದು ಕಾಣುತ್ತದೆ. ಕೈದಿಗಳು ಹಾರಿ ಪ್ರಾಣ ಬಿಡಬಾರದು ಎಂದು ಕಟ್ಟಿದ್ದು. ಕೋಣೆಗಳ ನೆಲದ ಟೈಲ್ಸ್ ಮಾತ್ರ ಇನ್ನೂ ಶಾಲೆಯದ್ದೇ.

ಬದುಕುಳಿದವರಿಗೆ ಬೇಕಿದ್ದ ಉತ್ತರ ಸಿಕ್ಕಿತಾ?

ಚುಮ್ ಮೇ ಮೆಕ್ಯಾನಿಕ್. ಟೈಪ್‌ರೈಟರ್, ಹೊಲಿಗೆ ಯಂತ್ರ ರಿಪೇರಿ ಬರುತ್ತಿತ್ತು, ಅದಕ್ಕೇ ಉಳಿದರು. ಬೋ ಮೆಂಗ್ ಮತ್ತು ವಾನ್ ನಾಥ್ ಪೋಲ್ ಪಾಟ್‌ನ ಚಿತ್ರ ಬರೆಯಬಲ್ಲರು ಎಂಬ ಕಾರಣಕ್ಕೆ ಉಳಿದರು. ವಾನ್ ನಾಥ್ 2011ರಲ್ಲಿ ತೀರಿಕೊಂಡರು, ಅಂತಿಮ ತೀರ್ಪು ಕೇಳಲಿಲ್ಲ.

ಬೋ ಮೆಂಗ್ ಮತ್ತು ಅವರ ಹೆಂಡತಿಯನ್ನು ಒಟ್ಟಿಗೇ ಹಿಡಿದು ತಂದಿದ್ದರು. ಬಾಗಿಲಲ್ಲಿ ಬೇರೆ ಮಾಡಿದರು. ಮತ್ತೆ ನೋಡಲಿಲ್ಲ. ಉಳಿದದ್ದು ಜೈಲಿನವರು ತೆಗೆದ ಅವಳ ಫೋಟೋ ಒಂದೇ. 2009ರಲ್ಲಿ ಸಾಕ್ಷಿ ಹೇಳಲು ಬಂದಾಗ, ಒಂದು ಪ್ರಶ್ನೆ ಕೇಳಬಹುದಾ ಎಂದು ನ್ಯಾಯಾಧೀಶರ ಅನುಮತಿ ಕೇಳಿದರು. ನನ್ನ ಹೆಂಡತಿಯನ್ನು ಎಲ್ಲಿ ಕೊಂದರು, ಜೈಲಿನಲ್ಲಾ, ಚುವೋಂಗ್ ಎಕ್‌ನಲ್ಲಾ? ಜಾಗ ಗೊತ್ತಾದರೆ ಅಲ್ಲಿಂದ ಒಂದು ಹಿಡಿ ಮಣ್ಣು ತಂದು ಅವಳಿಗಾಗಿ ಪ್ರಾರ್ಥನೆ ಮಾಡಬೇಕು.

ವರ್ಷಗಟ್ಟಲೆ ಸಾವಿರಾರು ಜನರಿಂದ ಉತ್ತರ ಬರೆಸಿಕೊಂಡು ಕೆಂಪು ಶಾಯಿಯಲ್ಲಿ ತಿದ್ದಿದವನು ಎದ್ದು ನಿಂತ. ಕಣ್ಣಲ್ಲಿ ನೀರಿತ್ತು. ಅದು ಕೈಕೆಳಗಿನವರ ಕೆಲಸವಾಗಿತ್ತು, ಖಚಿತವಾಗಿ ಹೇಳಲಾರೆ, ಬಹುಶಃ ಚುವೋಂಗ್ ಎಕ್‌ನಲ್ಲಿ ಇರಬೇಕು ಎಂದ.